ತಾರಸಿಯ ಮೇಲಿನ ಗುಂಡಿ ಡಬ್ಬಿ

ಕಾಜಾ ಅಕ್ಕನಿಗೆ ಆ ಹೆಸರು ಬಿದ್ದದ್ದು ಅಂಗಿ ಕಾರ್ಖಾನೆಯಲ್ಲಿ. ಇಪ್ಪತ್ತಾರು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ, ಗುಂಡಿ ತೂರುವುದಕ್ಕೆ ಅಂಗಿಯಲ್ಲಿ ಕಾಜಾ ಹಾಕುವುದು. ಎದೆಯ ಪಟ್ಟಿಗೆ ಆರು, ಕಾಲರಿಗೆ ಒಂದು, ತೋಳುಗಳಿಗೆ ಎರಡು. ಒಂಬತ್ತು ಆಯಿತೆಂದರೆ ಅಂಗಿ ಮುಂದಿನ ಮೇಜಿಗೆ ಹೋಗುತ್ತಿತ್ತು, ಅವಳ ಮುಂದೆ ಇನ್ನೊಂದು ಬಂದು ಬೀಳುತ್ತಿತ್ತು. ಮಶೀನು ಕಟಕಟ ದಾರ ಸುತ್ತಿ ಕೊನೆಗೆ ಟಕ್ಕೆಂದು ಬಟ್ಟೆ ಸೀಳುವಾಗ ಬೆರಳು ಎಲ್ಲಿದೆ ಎಂದು ನೋಡಿಕೊಂಡರೆ ಸಾಕು, ಮಿಕ್ಕಂತೆ ಮನಸ್ಸನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದಿತ್ತು. ಅವಳು ಅದನ್ನು ಹೆಚ್ಚಾಗಿ ಮಗಳ ಕಡೆಗೇ ಕಳಿಸುತ್ತಿದ್ದಳು.

ಒಬ್ಬಳೇ ಮಗಳು. ಈಗ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರು. ಮದುವೆಯಾಗಿ ಮೂರು ಬೀದಿ ಆಚೆ ಇದ್ದರೂ ದಿನಕ್ಕೊಮ್ಮೆ ಬಂದು ಎಲ್ಲರ ಬೆನ್ನು ನೆಟ್ಟಗಿದೆಯೋ ಇಲ್ಲವೋ ಎಂದು ನೋಡಿ ಹೋಗದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ದೇಹವನ್ನು ನಾವು ನೋಡಿಕೊಂಡರೆ ಅದು ನಮ್ಮನ್ನು ನೋಡಿಕೊಳ್ಳುತ್ತದೆ ಎನ್ನುವುದು ಅವಳ ಪಾಠ. ಆ ಪಾಠಕ್ಕೆ ಮಾದರಿಯಾಗಿ ಅವಳು ತೋರಿಸುತ್ತಿದ್ದದ್ದು ಅಮ್ಮನನ್ನು, ಎಚ್ಚರಿಕೆಯಾಗಿ ತೋರಿಸುತ್ತಿದ್ದದ್ದು ಅಪ್ಪನನ್ನು.

ಅಪ್ಪ ಬಸ್ಸಿನ ಡ್ರೈವರು. ಸ್ಟಿಯರಿಂಗ್ ಬಿಟ್ಟ ಕೈಗೆ ಸಿಗರೇಟು ಬರಲೇಬೇಕು. ಹೊಗೆ ಒಳಗೆ ಬಂದರೆ ನಾನು ಹೊರಗೆ ಹೋಗುತ್ತೇನೆ ಎಂದು ಕಾಜಾ ಅಕ್ಕ ಮದುವೆಯಾದ ವರ್ಷವೇ ಹೇಳಿದ್ದಳು. ಪುಣ್ಯಾತ್ಮ ಮೂವತ್ತು ವರ್ಷ ಬಾಗಿಲಾಚೆ ನಿಂತೇ ಸೇದಿದ. ಬೈಯುವುದರಲ್ಲಿ ಅವಳದು ಎತ್ತಿದ ಕೈ. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವಳನ್ನು ತೋರಿಸಿ ಹೆದರಿಸುತ್ತಿದ್ದರು.

ಈಗ ಸತ್ಯ ಹೇಳಬೇಕು. ಇದೇ ಕಾಜಾ ಅಕ್ಕ ಮಧ್ಯಾಹ್ನ ಮೂರರ ಗಂಟೆ ಬಾರಿಸಿದ ಕೂಡಲೇ ಕಾರ್ಖಾನೆಯ ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲೆ ಇನ್ನಿಬ್ಬರು ಹೆಂಗಸರ ಜತೆ ಕೂತು ಒಂದು ಸಿಗರೇಟು ಸೇದುತ್ತಿದ್ದಳು. ದಿನಕ್ಕೆ ಒಂದೇ. ಆಮೇಲೆ ಬಾಯಿಗೊಂದು ಪೆಪ್ಪರ್‌ಮಿಂಟು ಹಾಕಿಕೊಂಡು ಮನೆಗೆ ಬಂದು ಗಂಡನನ್ನು ಬೈಯುತ್ತಿದ್ದಳು. ಮೂಗು ಮುರಿಯುವವರು ಮುರಿಯಲಿ. ಬೆಳಗಿನಿಂದ ಮೂರರವರೆಗೆ ತಲೆ ಎತ್ತದೆ ಕಾಜಾ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಅರವತ್ತು ತುಂಬುವ ಮೊದಲೇ ಗಂಡನ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿದ ದಿನ ಅವನು ಆಸ್ಪತ್ರೆಯ ಗೇಟಿನಲ್ಲೇ ಪ್ಯಾಕೆಟ್ಟನ್ನು ಕಸದ ತೊಟ್ಟಿಗೆ ಹಾಕಿದ. ಆಮೇಲೆ ಎರಡು ವರ್ಷ ಮುಟ್ಟಲಿಲ್ಲ. ಆದರೆ ಶ್ವಾಸಕೋಶಕ್ಕೆ ಆ ಸುದ್ದಿ ತಡವಾಗಿ ತಲುಪಿತ್ತು. ಮೊದಲು ಬಸ್ಸು ಹೋಯಿತು, ಆಮೇಲೆ ಬೀದಿ ಹೋಯಿತು, ಕೊನೆಗೆ ಮಂಚದಿಂದ ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣವಾಯಿತು. ಕಾಜಾ ಅಕ್ಕ ಕೆಲಸ ಬಿಟ್ಟು ಅವನ ಪಕ್ಕ ಕೂತಳು.

ಕೂರಬಹುದು, ಆದರೆ ಆ ಸದ್ದು ಕೇಳಬೇಕಲ್ಲ. ಲೋಟದ ತಳದಲ್ಲಿ ಉಳಿದ ಶರಬತ್ತನ್ನು ಮಕ್ಕಳು ಕೊಳವೆಯಲ್ಲಿ ಎಳೆಯುವಾಗ ಬರುವಂಥ ಸದ್ದು, ದಿನವಿಡೀ. ತಡೆಯಲಾರದೆ ಹೋದಾಗ ಅವಳು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹದಿನಾರು ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತಿದ್ದಳು. ನೀರಿನ ಟ್ಯಾಂಕಿನ ಹಿಂದೆ ಒಂದು ತಗಡಿನ ಡಬ್ಬಿ, ಮೊದಲು ಹಳೆಯ ಗುಂಡಿಗಳನ್ನು ಹಾಕಿಡುತ್ತಿದ್ದದ್ದು. ಸೇದಿ ಉಳಿದ ತುಂಡುಗಳು ಅದರೊಳಗೆ ಹೋಗುತ್ತಿದ್ದವು.

ಆಕ್ಸಿಜನ್ ಮಶೀನು ಮನೆಗೆ ಸಿಕ್ಕರೆ ಇನ್ನೊಂದೆರಡು ವರ್ಷ ತಳ್ಳಬಹುದು ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮನೆಗೆ ಕೊಡುವಂಥವು ಹನ್ನೊಂದಿದ್ದವು, ಕೇಳುವವರು ನಲವತ್ತು ಮಂದಿ. ಯಾರಿಗೆಂದು ತೀರ್ಮಾನಿಸಲು ಒಂದು ಕಮಿಟಿ. ಸಿಗರೇಟು ಬಿಡದ ರೋಗಿಗೆ ಮಶೀನಿಲ್ಲ ಎನ್ನುವುದು ಕಮಿಟಿಯ ನಿಯಮ. ಆಕ್ಸಿಜನ್ ಹತ್ತಿರ ಕಡ್ಡಿ ಗೀರಿದರೆ ಮನೆಯೇ ಹೊತ್ತಿಕೊಳ್ಳುತ್ತದೆ, ಅದೊಂದು. ತನ್ನ ಎದೆಯನ್ನು ತಾನೇ ಸುಟ್ಟುಕೊಳ್ಳುವವನಿಗೆ ಕೊಟ್ಟು, ಸಿಗರೇಟು ಬಿಟ್ಟವನನ್ನು ಕಾಯಿಸುವುದು ಯಾವ ನ್ಯಾಯ, ಅದಿನ್ನೊಂದು. ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಿದ್ದರೆ ಅವರು ಬಿಡುತ್ತೇನೆಂದು ಸಹಿ ಹಾಕಬೇಕು, ಅಷ್ಟೆ. ನಿಯಮ ತಪ್ಪೆಂದು ಎದೆ ತಟ್ಟಿ ಹೇಳುವುದು ಕಷ್ಟ.

ಅವನ ಸರದಿ ಬಂದಾಗ ಮನೆ ನೋಡುವ ಸಿಸ್ಟರು ಹೇಳದೆ ಕೇಳದೆ ಬಂದರು. ಹಾಗೆ ಬರುವುದೇ ಅವರ ಪದ್ಧತಿ. ಆ ಹೊತ್ತಿಗೆ ಮಗಳೂ ಮನೆಯಲ್ಲಿದ್ದಳು, ಅಪ್ಪನ ದಿಂಬಿಗೆ ಹೊಸ ಕವರು ಹಾಕುತ್ತಿದ್ದಳು. ಸಿಸ್ಟರು ಪರದೆ ಮೂಸಿದರು, ಮಂಚದ ಕೆಳಗೆ ಬಗ್ಗಿದರು, ಹಿಂದಿನ ಬಾಗಿಲಿಂದ ಹೊರಗೆ ಹೋದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದಾಗ ಕಾಜಾ ಅಕ್ಕ ಎಣಿಸಿದಳು, ಹದಿನಾರು. ಅವರು ವಾಪಸು ಬಂದಾಗ ಕೈಯಲ್ಲಿ ಡಬ್ಬಿ ಇತ್ತು.

"ಇದು ಯಾರದು?" ಅಂದರು ಸಿಸ್ಟರು. ಮುಚ್ಚಳ ತೆಗೆದು ತೋರಿಸಿದರು. ಒಳಗೆ ನಾಲ್ಕು ತುಂಡು.

ಕಾಜಾ ಅಕ್ಕ ಬಾಯಿ ತೆರೆದಳು. ತೆರೆದದ್ದು ನಿಜ, ಆದರೆ ಮಗಳು ಎದುರಿಗೇ ನಿಂತಿದ್ದಳು.

"ನಂ..." ಎಂದಿತು ಮಂಚದ ಮೇಲಿಂದ ಒಂದು ದನಿ. ಒಂದು ಉಸಿರು ಎಳೆದುಕೊಂಡು ಮುಗಿಸಿತು. "...ದೇ ಸಿಸ್ಟರ್."

ಮಗಳ ಕೈಯಲ್ಲಿದ್ದ ದಿಂಬು ಕೆಳಗೆ ಬಿತ್ತು. "ಅಪ್ಪ! ಇಷ್ಟೆಲ್ಲ ಆದ್ಮೇಲೂನಾ?" ಅಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮ, ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಕಣೆ," ಅಂದಳು ಕಾಜಾ ಅಕ್ಕ.

ಆಡಬೇಕಾದ ಮಾತು ಬರಲಿಲ್ಲ, ಇದು ಮಾತ್ರ ಸಲೀಸಾಗಿ ಬಂತು. ಸಿಸ್ಟರು ಕ್ಷಣ ಹೊತ್ತು ಅವಳ ಮುಖ ನೋಡಿದರು, ಮಂಚದ ಕಡೆ ನೋಡಿದರು, ಫಾರಂ ತುಂಬಿದರು. ತೊಂಬತ್ತು ದಿನ ಬಿಟ್ಟು ಮತ್ತೆ ನೋಡುತ್ತೇವೆ ಎಂದು ಹೇಳಿ ಹೊರಟುಹೋದರು. ಮಶೀನು ಪಟ್ಟಿಯಲ್ಲಿ ಅವನ ಹಿಂದಿದ್ದ ಯಾರಿಗೋ ಹೋಯಿತು.

ಮಗಳು ಅಪ್ಪನ ಹತ್ತಿರ ಮಾತು ಬಿಟ್ಟಳು. ಬರುವುದನ್ನು ಬಿಡಲಿಲ್ಲ. ದಿನಾ ಬಂದಳು, ಮಾತ್ರೆ ಜೋಡಿಸಿಟ್ಟಳು, ಹಾಸಿಗೆ ಬದಲಿಸಿದಳು, ಎಲ್ಲ ಬಾಯಿ ಬಿಡದೆ. ಅವನು ಕೈ ಚಾಚಿದರೆ ಆ ಕೈಗೆ ನೀರಿನ ಲೋಟ ಕೊಟ್ಟು ಆಚೆ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಮಾತ್ರ ಕಟ್ಟೆಯೊಡೆಯುತ್ತಿತ್ತು.

"ಸೇದದೆ ಇದ್ದೂ ಕಾಯಿಲೆ ಬಂದೋರು ಎಷ್ಟು ಜನ ಕಾಯ್ತಾ ಇದಾರೆ ಗೊತ್ತಾ ಅಮ್ಮ? ಅವರಿಗೆ ಸಿಕ್ಕಿದ್ದೇ ನ್ಯಾಯ. ಮಗಳಾಗಿ ನಾನೇ ಹೇಳ್ತಿದೀನಿ."

"ಆಯ್ತು ಬಿಡೇ," ಎನ್ನುತ್ತಿದ್ದಳು ಕಾಜಾ ಅಕ್ಕ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ.

ಮಗಳು ಹೋದ ಮೇಲೆ ಒಂದು ದಿನ ಅವಳು ಗಂಡನ ಕಿವಿಯ ಹತ್ತಿರ ಬಗ್ಗಿ ಕೇಳಿದಳು. "ಯಾಕ್ರೀ ಹಾಗಂದ್ರಿ? ನಿಮಗೆ ಗೊತ್ತಿತ್ತಾ?"

"ನಿನ್ನ ಪೆಪ್ಪರ್‌ಮಿಂಟು..." ಅಂದ ಅವನು, "ಇಪ್ಪತ್ತು ವರ್ಷದಿಂದ... ಗೊತ್ತು." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಅವಳು ಬೆನ್ನು ನೀವಿದಳು. "ನಾನು ಸೇದಿರೋದ್ರಲ್ಲಿ... ಆ ನಾಲ್ಕು... ಯಾವ ಲೆಕ್ಕ? ನಾನು ಹೋದ್ಮೇಲೆ... ನಿನ್ನ ನೋಡ್ಕೊಳ್ಳೋಳು ಅವಳೇ. ಅವಳ ಕಣ್ಣಲ್ಲಿ... ನೀನು ಸಣ್ಣವಳಾಗ್ಬೇಡ."

ಇಂಥ ಮಾತು ಕೇಳಿದವಳು ಆ ಗಳಿಗೆಯಲ್ಲೇ ಎದ್ದು ಹೋಗಿ ಸತ್ಯ ಹೇಳಬೇಕಿತ್ತು. ಅವಳು ಎದ್ದದ್ದು ಎರಡು ವಾರ ಕಳೆದ ಮೇಲೆ. ಅದರ ನಡುವೆ ಇನ್ನು ಸೇದುವುದಿಲ್ಲ ಎಂದು ಆಣೆ ಹಾಕಿ ಎಂಟು ದಿನ ತಡೆದಿದ್ದಳು, ಒಂಬತ್ತನೆಯ ದಿನ ಬಕೆಟ್ಟು ಎತ್ತಿಕೊಂಡಿದ್ದಳು. ಆಸ್ಪತ್ರೆಯ ಆಫೀಸಿನ ಬೆಂಚಿನಲ್ಲಿ ಒಂದು ಗಂಟೆ ಕಾದಳು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಡಬ್ಬಿ ನಂದು, ಎಲ್ಲಿ ಸಹಿ ಹಾಕಬೇಕು ಹೇಳಿ. ಇಷ್ಟೇ. ಸಿಸ್ಟರು ಕರೆದು ಎದುರು ಕೂರಿಸಿಕೊಂಡು "ಏನಮ್ಮ?" ಎಂದು ಕೇಳಿದಾಗ ಅವಳು ಕೇಳಿದ್ದು ಬೇರೆಯೇ. "ಮುಂದಿನ ಸಲ ಯಾವತ್ತು ನೋಡೋಕ್ ಬರ್ತೀರಿ?"

"ಅದನ್ನ ಹೇಳೋಹಾಗಿಲ್ಲಮ್ಮ," ಅಂದರು ಸಿಸ್ಟರು. "ಬೇರೆ ಏನಾದ್ರೂ ಹೇಳೋದಿತ್ತಾ?"

"ಇಲ್ಲ."

ಸಿಸ್ಟರು ಪೆನ್ನು ಹಿಡಿದು ಇನ್ನೂ ಸ್ವಲ್ಪ ಹೊತ್ತು ಕಾದರು. ಕಾಜಾ ಅಕ್ಕ ಚೀಲ ಎತ್ತಿಕೊಂಡು ಬಂದುಬಿಟ್ಟಳು. ಮನೆಗೆ ಬಂದರೆ ಗಂಡ ಬಾಗಿಲನ್ನೇ ನೋಡುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. "ಹೇಳಿದ್ಯಾ?" ಅಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. "ಒಳ್ಳೇದಾಯ್ತು," ಅಂದ. ಅವನ ಮುಖದಲ್ಲಿ ಸಮಾಧಾನ ಇತ್ತೋ ಇನ್ನೇನಿತ್ತೋ, ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಸಿಸ್ಟರು ಡಬ್ಬಿ ಹಿಡಿದು ಬಂದ ದಿನದಿಂದ ಎಣಿಸಿದರೆ ನಲವತ್ತೊಂದನೆಯ ದಿನ, ನಡು ಮಧ್ಯಾಹ್ನ, ಅವನು ಹೋದ. ಆಗ ಕಾಜಾ ಅಕ್ಕ ತಾರಸಿಯಲ್ಲಿದ್ದಳು. ಬಟ್ಟೆ ಒಣಹಾಕಲು ಹೋಗಿದ್ದೆ ಎಂದು ಎಲ್ಲರಿಗೂ ಹೇಳಿದ್ದಾಳೆ. ಬಕೆಟ್ಟಿನಲ್ಲಿ ಎರಡು ಟವಲು ಇದ್ದದ್ದು ನಿಜ. ಕೆಳಗಿಳಿದು ಬಂದಾಗ ಮನೆ ತಣ್ಣಗಿತ್ತು, ಸದ್ದಿರಲಿಲ್ಲ. ಅಬ್ಬಾ, ನಿದ್ದೆ ಹತ್ತಿತು ಎಂದುಕೊಂಡು ಅವಳು ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ ಟೀ ಮಾಡಿಕೊಂಡು ಪೂರ್ತಿ ಕುಡಿದಳು. ಆ ಟೀಯನ್ನು ಅವಳು ಇನ್ನೂ ಕುಡಿಯುತ್ತಲೇ ಇದ್ದಾಳೆ.

ಮಗಳು ಬಂದಳು, ಆಗಬೇಕಾದ್ದನ್ನೆಲ್ಲ ಮುಂದೆ ನಿಂತು ಮಾಡಿದಳು, ಅಳಲಿಲ್ಲ. "ಕೈಯಾರೆ ಮಾಡ್ಕೊಂಡ," ಅಂದಳು ಬಂದವರ ಹತ್ತಿರ. ಅಪ್ಪನ ಫೋಟೋ ಗೋಡೆಗೆ ಹಾಕೋಣವೇ ಎಂದು ಅಳಿಯ ಕೇಳಿದರೆ ಆಮೇಲೆ ನೋಡೋಣ ಅಂದಳು. ತಾಯಿಯನ್ನು ಮಾತ್ರ ಅಂಗೈಯಲ್ಲಿಟ್ಟು ನೋಡಿಕೊಂಡಳು. ಗಂಡ ಕೊಟ್ಟು ಹೋದದ್ದು ಇದನ್ನೇ ಅಲ್ಲವೇ, ಸತ್ಯ ಹೇಳಿದರೆ ಅವನು ಕೊಟ್ಟದ್ದನ್ನೂ ಬಿಸಾಕಿದ ಹಾಗೆ ಎಂದು ಕಾಜಾ ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಮಾಧಾನ ಆಗಲಿಲ್ಲ. ಸದ್ದು ಮನೆ ಬಿಟ್ಟು ಹೋಗಿರಲಿಲ್ಲ. ಹಾಡುಹಗಲಲ್ಲೇ ಬರುತ್ತಿತ್ತು. ಕುಕ್ಕರಿನ ಆವಿ ಇಳಿಯುವಾಗ, ಪಕ್ಕದ ಮನೆಯವರು ಪೊರಕೆ ಎಳೆಯುವಾಗ, ನಲ್ಲಿಯಲ್ಲಿ ನೀರು ನಿಂತು ಗಾಳಿ ಬರುವಾಗ. ಒಂದು ಎಳೆತ, ನಡುವೆ ಒಂದು ಗ್ಯಾಪು, ಮತ್ತೊಂದು ಎಳೆತ. ಎಲ್ಲಕ್ಕಿಂತ ಹೆಚ್ಚು ತಾರಸಿಯ ಮೆಟ್ಟಿಲಲ್ಲಿ. ಬದುಕಿದ್ದಾಗ ಒಂದು ಮೆಟ್ಟಿಲು ಹತ್ತಲಾರದೆ ಇದ್ದವನು ಈಗ ಹದಿನಾರನ್ನೂ ಹತ್ತಿ ಅವಳ ಬೆನ್ನ ಹಿಂದೆ ಬಂದು ಏದುಸಿರು ಬಿಡುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯುತ್ತಿರಲಿಲ್ಲ, "ಹೇಳಿದ್ಯಾ?" ಎನ್ನುತ್ತಿದ್ದ. ಅವಳು ಸಿಗರೇಟು ಬಿಟ್ಟಳು, ತಾರಸಿ ಬಿಟ್ಟಳು, ಬಟ್ಟೆಗಳನ್ನು ಕೋಣೆಯಲ್ಲೇ ಒಣಹಾಕಿದಳು. ಕೋಣೆಗೂ ಬಂದ.

ತೊಂಬತ್ತು ದಿನ ತುಂಬಿತು. ಮಗಳು ಬಂದು ಕೂತಿದ್ದ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಅದೇ ಸಿಸ್ಟರು, ಕೈಯಲ್ಲಿ ಅದೇ ಫಾರಂ. ಮನೆಯಲ್ಲೇ ಸತ್ತವನ ಸುದ್ದಿಯನ್ನು ಆ ಆಫೀಸಿಗೆ ತಲುಪಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪಟ್ಟಿಯಲ್ಲಿ ಅವನಿನ್ನೂ ಕಾಯುತ್ತಿದ್ದ.

ಸಿಸ್ಟರು ಒಳಗೆ ಕಾಲಿಡುತ್ತಲೇ ಮೂಗು ಅರಳಿಸಿದರು. "ಈ ಸಲ ವಾಸನೆ ಇಲ್ಲ. ಒಳ್ಳೇದಾಯ್ತು, ಈ ಸಲ ಸಿಗುತ್ತೆ," ಅಂದರು. ಖಾಲಿ ಮಂಚ ಆಮೇಲೆ ಕಣ್ಣಿಗೆ ಬಿತ್ತು. "ಎಲ್ಲಿ ಅವರು?"

"ಹೋದ್ರು," ಅಂದಳು ಮಗಳು. "ಸಿಗರೇಟೇ ತಿಂದ್ಹಾಕ್ತು. ನೀವು ಕೊಡದೆ ಇದ್ದಿದ್ದೇ ಸರಿ ಸಿಸ್ಟರ್, ನಿಮ್ಮ ಮೇಲೆ ನಮಗೇನೂ ಬೇಜಾರಿಲ್ಲ."

ಆಗ ಸದ್ದು ಬಂತು. ಮಂಚದ ಕಡೆಯಿಂದ, ಇಬ್ಬರ ಎದುರಿಗೇ. ಅವರಿಬ್ಬರಿಗೂ ಕೇಳಿಸಲಿಲ್ಲ. ಕಾಜಾ ಅಕ್ಕ ಮಂಚದ ಕಡೆ ತಿರುಗಿದಳು.

"ಡಬ್ಬಿ ನಂದು," ಅಂದಳು. "ಅವರದಲ್ಲ. ನಾನು ಸೇದ್ತಿದ್ದೆ. ಅವರು ಎರಡು ವರ್ಷ ಮುಟ್ಟಿರ್ಲಿಲ್ಲ."

ಸಿಸ್ಟರು ಸ್ಟೂಲು ಎಳೆದುಕೊಂಡು ಕೂತರು. ಫಾರಂ ನೋಡುತ್ತಲೇ ಹೇಳಿದರು. "ನಂಗೆ ಅವತ್ತೇ ಗೊತ್ತಾಗಿತ್ತಮ್ಮ. ತಾರಸಿ ಮೇಲಿತ್ತು ಅದು. ಒಂದು ಮಾತು ಪೂರ್ತಿ ಆಡೋಕಾಗದ ಮನುಷ್ಯ ಅಷ್ಟು ಮೆಟ್ಟಿಲು ಹತ್ತಿ ಸೇದ್ತಾನಾ? ನೀವು ಆಫೀಸಿಗೆ ಬಂದಾಗ ಹೇಳ್ತೀರಿ ಅಂತ ಕಾದೆ. ರೋಗಿ ಒಪ್ಕೊಂಡ್ರೆ ಬರ್ಕೊಳ್ಳೋದು ನಮ್ಮ ಕೆಲಸ. ನಲವತ್ತು ಜನದಲ್ಲಿ ಒಬ್ರು ತಾವಾಗೇ ಕಮ್ಮಿಯಾದ್ರೆ..." ಪೆನ್ನಿನ ಕ್ಯಾಪು ತೆಗೆದರು, ಹಾಕಿದರು.

ಕಾಜಾ ಅಕ್ಕ ಮಗಳ ಕಡೆ ನೋಡಿದಳು. ಮಗಳು ಕಿರುಚುತ್ತಾಳೆ, ಎದ್ದು ಹೋಗುತ್ತಾಳೆ, ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎನ್ನುತ್ತಾಳೆ ಎಂದು ಎಲ್ಲಕ್ಕೂ ಅವಳು ಸಿದ್ಧಳಾಗಿದ್ದಳು. ಮಗಳು ಅದೇನೂ ಮಾಡಲಿಲ್ಲ. ಅಪ್ಪನ ಮಂಚದ ತುದಿಯಲ್ಲಿ ಕೂತಳು. ಯಾವತ್ತೂ ನೆಟ್ಟಗಿರುತ್ತಿದ್ದ ಅವಳ ಬೆನ್ನು ಬಾಗಿತ್ತು.

"ನಲವತ್ತೊಂದು ದಿನ ನಾನು ಅಪ್ಪನ ಹತ್ರ ಮಾತಾಡ್ಲಿಲ್ಲ ಅಮ್ಮ," ಅಂದಳು. "ದಿನಾ ಕೈ ಚಾಚ್ತಿದ್ದ. ನೀನು ಇಲ್ಲೇ ನಿಂತು ನೋಡ್ತಿದ್ದೆ."