ನಾಲ್ಕನೇ ಜ್ವರ ಯಾರಿಗೆ?

ಕಳೆದ ತಿಂಗಳ ಎರಡನೇ ಸೋಮವಾರ, ಹಿಂದಿನ ದಿನದಿಂದ ಏನೂ ತಿನ್ನದೆ ಜೊಲ್ಲು ಸುರಿಸುತ್ತಿದ್ದ ನಮ್ಮ ಬೆಕ್ಕನ್ನು ಶಿಡ್ಲಘಟ್ಟದ ಪಕ್ಕದ ನಮ್ಮೂರಿನಿಂದ ಚಿಕ್ಕಬಳ್ಳಾಪುರದ ಪಶು ಚಿಕಿತ್ಸಾಲಯಕ್ಕೆ ಒಯ್ದೆವು. ನಾಯಿ, ಬೆಕ್ಕುಗಳ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ತರಬೇತಿಗೆಂದು ಮಂಗಳೂರಿನಿಂದ ಬಂದಿದ್ದ ಯುವ ವೈದ್ಯೆ ಬೆಕ್ಕಿನ ಬಾಯಿ ತೆರೆದರು. ನಾಲಿಗೆಯ ತುಂಬ ಹುಣ್ಣು.

“ಬೇಗ ನೋಡಮ್ಮ, ನಾಲ್ಕನೇ ಜ್ವರ. ನಾನು ಮನೇಗ್ ಹೋಗ್ಬೇಕು,” ಎಂದರು ನಮ್ಮತ್ತೆ.

ವೈದ್ಯೆ ಥರ್ಮಾಮೀಟರ್ ಇಟ್ಟು ನೋಡಿ, “ಇದಕ್ಕೆ ಜ್ವರವೇ ಇಲ್ವಲ್ಲ ಅಜ್ಜಿ?” ಎಂದರು.

“ಅಯ್ಯೋ, ಬೆಕ್ಕಿಗಲ್ಲ ಕಣಮ್ಮ, ರೇಷ್ಮೆ ಹುಳಕ್ಕೆ! ಪೊರೆ ಬಿಡಕ್ಕೆ ಕೂತವೆ, ಅದಕ್ಕೇ ಜ್ವರ ಅನ್ನೋದು. ಮೊನ್ನೆಯಿಂದ ಸುಣ್ಣದ ಪುಡಿ ಉದುರಿಸ್ತಾ ಇದೀವಿ. ಎದ್ದ ತಕ್ಷಣ ಸೊಪ್ಪು ಹಾಕ್ಬೇಕು.”

ನಗುತ್ತಿದ್ದ ವೈದ್ಯೆ ಸುಣ್ಣ ಎಂದೊಡನೆ ಬೆಕ್ಕಿನ ಪಾದ ಎತ್ತಿ ನೋಡಿದರು. ಬೆರಳ ಸಂದಿಯಲ್ಲಿ ಬಿಳಿ ಪುಡಿ ಮೆತ್ತಿತ್ತು. ಹುಳುಮನೆಯಲ್ಲಿ ಇಲಿ ಕಾಯುವ ಬೆಕ್ಕು ಸುಣ್ಣ ತುಳಿದು, ಕಾಲು ನೆಕ್ಕಿಕೊಂಡು ಬಾಯಿ ಸುಟ್ಟುಕೊಂಡಿತ್ತು. ಅವರು ಕಾಲು ತೊಳೆದು, ಡ್ರಿಪ್ ಹಾಕಿ, ಸಂಜೆಯವರೆಗೂ ಅದರ ಪಕ್ಕದಲ್ಲೇ ಇದ್ದರು.

ಜ್ವರ ಯಾರಿಗೆಂದು ಕೇಳದೆ ಔಷಧ ಬರೆದಿದ್ದರೆ ಬೆಕ್ಕು ಅದೇ ಸುಣ್ಣಕ್ಕೆ ಮರಳುತ್ತಿತ್ತು. ಆ ವೈದ್ಯೆಗೆ ನಮ್ಮ ಮನೆ ಋಣಿ. ಬೆಕ್ಕು ಐದನೇ ದಿನ ಹಾಲು ಕುಡಿಯಿತು. ಮೊನ್ನೆ ಮರುತಪಾಸಣೆಗೆ ಹೋದಾಗ, ಅಲ್ಲಿನ ನೋಂದಣಿ ಚೀಟಿಯಲ್ಲಿ ಪೆನ್ನಿನಿಂದ ಹೊಸ ಪ್ರಶ್ನೆಯೊಂದನ್ನು ಸೇರಿಸಿದ್ದರು: “ಮನೆಯಲ್ಲಿ ರೇಷ್ಮೆ ಹುಳು ಇದೆಯೇ? ಎಷ್ಟನೇ ಜ್ವರ?”