ಕೂತಲ್ಲೇ ಗೆಲ್ಲುವ ಜೋಡಿ

ನಮ್ಮ ಬನಹಟ್ಟಿಯ ಓಣಿಯಲ್ಲಿ ಕರೆಂಟು ಹೋದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ. ಮುಂಜಾನೆಯಿಂದ ಖಟಾಖಟ್ ಎನ್ನುತ್ತಿದ್ದ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಆ ಸದ್ದಿನ ಮರೆಯಲ್ಲಿ ಜಗಳಾಡುತ್ತಿದ್ದ ಗಂಡ ಹೆಂಡಿರು ಅರ್ಧ ಮಾತಿಗೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಗಂಡಸರು ಚಹಾದಂಗಡಿಯ ಮುಂದೆ ನಿಂತು ಕರೆಂಟಿನವರನ್ನು ಬಯ್ಯುತ್ತಾರೆ. ಲಾಳಿಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸರು ಸೆರಗಿಗಂಟಿದ ಎಳೆ ಕೊಡವಿಕೊಂಡು ನಮ್ಮ ಪಡಸಾಲೆಗೆ ಬರುತ್ತಾರೆ. ಇವತ್ತಿನ ಕೂಲಿ ಹೋಯಿತು ಎಂದು ಬಾಗಿಲಲ್ಲಿ ಒಮ್ಮೆ ಹಲುಬಿ, ಆಮೇಲೆ ಚೌಕಾಬಾರಾಕ್ಕೆ ಕೂರುತ್ತಾರೆ. ಹಲುಬುವುದು ಚಪ್ಪಲಿ ಬಿಡುವಷ್ಟೇ ಹೊತ್ತು.

ನಮ್ಮ ಪಡಸಾಲೆಯೇ ಯಾಕೆಂದರೆ, ಆಟದ ಮನೆಗಳನ್ನು ಇಲ್ಲಿ ಫರಸಿಕಲ್ಲಿನಲ್ಲೇ ಕೊರೆಸಿದ್ದಾರೆ. ಮನೆ ಕಟ್ಟುವಾಗ ನಮ್ಮ ಮಾವನವರು ಗೌಂಡಿಗೆ ಹೇಳಿ ಮಾಡಿಸಿದ್ದು. ಬಚ್ಚಲಿಗೆ ನೀರು ಹೋಗುವ ಇಳಿಜಾರು ಇಡುವುದನ್ನು ಮರೆತರು, ಇದನ್ನು ಮರೆಯಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಸೆಯಲು ನಾಲ್ಕು ಕವಡಿ. ನಾಲ್ಕು ಬಿದ್ದರೆ ಚೌಕಾ, ಎಂಟು ಬಿದ್ದರೆ ಬಾರಾ, ಅದಕ್ಕಿಂತ ದೊಡ್ಡದಿಲ್ಲ. ಕವಡಿ ಬಿದ್ದಷ್ಟು ಮನೆ ನಡೆಸುತ್ತ ಹೊರಗಿನ ಸುತ್ತು, ಒಳಗಿನ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ಹಣ್ಣಾದಂತೆ. ದಾರಿಯಲ್ಲಿ ಯಾರಾದರೂ ಹೊಡೆದರೆ ಮತ್ತೆ ಮೊದಲಿನಿಂದ ಶುರು. ನಿಮ್ಮವೇ ಎರಡು ಕಾಯಿ ಒಂದು ಮನೆಯಲ್ಲಿ ಕೂಡಿದರೆ ಜೋಡಿ. ಜೋಡಿಯನ್ನು ಹೊಡೆಯುವಂತಿಲ್ಲ, ದಾಟಿಕೊಂಡು ಮುಂದೆ ಹೋಗುವಂತೆಯೂ ಇಲ್ಲ.

ಇದಕ್ಕೆ ನಮ್ಮ ಓಣಿ ತನ್ನವೇ ಎರಡು ಕಟ್ಟಳೆ ಸೇರಿಸಿತ್ತು. ಒಂದು ಹಾಲಿನದು. ಒಲೆಯ ಮೇಲೆ ಹಾಲಿಟ್ಟು ಬಂದವಳು ನಡುವೆ ಎದ್ದು ಓಡಬೇಕಾಗುತ್ತದೆ. ಆಗ ಅವಳು "ಬಿಟ್ಟೆ" ಅಂದರೆ ಸಾಕು, ಆ ಸರದಿ ಕಾಯಿ ನಡೆಸಬೇಕಾಗಿಲ್ಲ. ಇನ್ನೊಂದು ಕರೆಂಟಿನದು. ಕರೆಂಟು ಬಂದ ಕೂಡಲೇ ಎಲ್ಲರೂ ಕೆಲಸಕ್ಕೆ ಏಳಲೇಬೇಕು. ಹಾಗಾಗಿ ಆಟ ಅಲ್ಲಿಗೇ ಮುಗಿದು, ಆಗ ಯಾರ ಹಣ್ಣು ಹೆಚ್ಚಿದ್ದಾವೋ ಅವರೇ ಗೆದ್ದಂತೆ. ಗೆದ್ದವರ ಮನೆಗೆ ಆ ದಿನದ ಚಹಾವನ್ನು ಸೋತವರೊಬ್ಬರು ಮಾಡಿ ಒಯ್ಯಬೇಕು. ಈ ಎರಡು ಕಟ್ಟಳೆ ಬೇರೆ ಬೇರೆ ಅಡಚಣೆಗೆ ಹುಟ್ಟಿದವು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಯಾರೂ ನೋಡಿರಲಿಲ್ಲ.

ಕೂರುತ್ತಿದ್ದವರು ನಾವು ನಾಲ್ವರು. ಎದುರು ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ, ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿಯೂ. ಮೂಲೆ ಮನೆಯ ಅಕ್ಕ ಬಲು ಆಟಗಾರ್ತಿ. ಕವಡಿ ಅವಳ ಮಾತು ಕೇಳುತ್ತವೆ ಎಂದು ಓಣಿಯ ನಂಬಿಕೆ. ಕಾಕುವಿಗೂ ಅವಳಿಗೂ ಹಠ ಹಳೆಯದು. ಮೂರನೆಯವಳು ಕಿರಾಣಿ ಅಂಗಡಿಯ ವೈನಿ, ನಮಗೆಲ್ಲ ಅತ್ತಿಗೆಯಂತೆ, ತೇರದಾಳದ ಜೈನರ ಮನೆಯ ಮಗಳು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ಆಗಾಗ ಬಾಗಿಲಾಚೆಯ ಬಿಸಿಲು ನೋಡುತ್ತಿರುತ್ತಾಳೆ. ನಾಲ್ಕನೆಯವಳು ನಾನು. ಸೋಲುವುದು ರೂಢಿಯಾಗಿ ಚಹಾ ಮಾಡುವುದರಲ್ಲಿ ನನ್ನ ಕೈ ಪಳಗಿದೆ.

ಈ ಬೇಸಿಗೆಯಲ್ಲಿ ಕಾಕುವಿಗೆ ಜಮಖಂಡಿಯಲ್ಲಿ ಕಣ್ಣಿನ ಆಪರೇಶನ್ ಆಯಿತು. ಕರಿ ಚಶ್ಮಾ ಹಾಕಿಕೊಂಡು, ಕೆಳಗೆ ಬಗ್ಗಿ ನೋಡಬಾರದೆಂದು ಡಾಕ್ಟರು ಹೇಳಿದ ಮೇಲೆ ಆಟ ಹೇಗೆ? ಜಾಗ ಖಾಲಿ ಬಿಟ್ಟರೆ ಮೂಲೆ ಮನೆಯವಳು ಗೆದ್ದಂತೆಯೇ. ಕಾಕು ತನ್ನ ಸೊಸೆಯನ್ನು ಕರೆತಂದು ಕೂರಿಸಿದಳು.

"ನನ್ನ ಬದ್ಲಿ ಇಕಿ. ಗೆದ್ರ ಗೆಲವು ನಂದು, ಸೋತ್ರ ಮಾತ್ರ ಇಕೀದು."

ಸೊಸೆ ಬೀಳಗಿ ಕಡೆಯವಳು, ಅನಗವಾಡಿಯ ಹುಡುಗಿ. ಲಗ್ನವಾಗಿ ವರ್ಷ ದಾಟಿದ್ದರೂ ನಾವು ಅವಳನ್ನು ನೋಡಿದ್ದು ನೀರಿನ ಕೊಡದ ಹಿಂದೆ ಮಾತ್ರ. ಕರೆಂಟು ಹೋದರೆ ಓಣಿಯ ಹೆಂಗಸರಿಗೆಲ್ಲ ಬಿಡುವು. ಆ ಮನೆಯಲ್ಲಿ ಮಾತ್ರ ಸೊಸೆಗೆ ಶೇಂಗಾ ಸುಲಿಯುವುದೋ ಜೋಳ ಹಸನು ಮಾಡುವುದೋ ಹುಟ್ಟಿಕೊಳ್ಳುತ್ತಿತ್ತು. ಅವಳು ಸೆರಗು ಸರಿ ಮಾಡಿಕೊಂಡು ಮೂಲೆಯಲ್ಲಿ ಕೂತಳು. ಮೊದಲ ದಿನವೇ ಗೆದ್ದಳು.

ಹೇಗೆ ಗೆಲ್ಲುತ್ತಾಳೆಂದು ತಿಳಿಯಲು ನಮಗೆ ಸ್ವಲ್ಪ ದಿನ ಬೇಕಾಯಿತು. ಜೋಡಿ ನಾವೂ ಮಾಡುತ್ತಿದ್ದೆವು. ಮಾಡಿದ ಮೇಲೆ ತಲೆಯ ಮೇಲೆ ಎರಡು ಕೊಡ ಹೊತ್ತವರ ಹಾಗೆ ಅವಸರದಿಂದ ಮನೆಗೆ ಓಡುತ್ತಿದ್ದೆವು. ಇವಳು ಎರಡು ಕಾಯಿಗಳನ್ನು ಮುಂದೆ ಕಳಿಸಿ, ಒಂದಾದರೂ ಹಣ್ಣಾದ ಮೇಲೆ, ಹಿಂದಿನ ಎರಡನ್ನು ಹೊರಗಿನ ಸುತ್ತಿನಲ್ಲಿ ಜೋಡಿ ಮಾಡಿ ಕೂರಿಸಿಬಿಡುತ್ತಿದ್ದಳು. ಆಮೇಲೆ ಏನೇ ಬೀಳಲಿ, ಎಂಟೇ ಬೀಳಲಿ, "ಬಿಟ್ಟೆ" ಅನ್ನುವಳು. ನಮ್ಮ ಕಾಯಿಗಳು ಆ ಜೋಡಿಯ ಹಿಂದೆ ಬಂದು ಸಾಲುಗಟ್ಟುತ್ತಿದ್ದವು. ಅವಳದೊಂದು ಹಣ್ಣು, ನಮ್ಮದು ಸೊನ್ನೆ. ಇನ್ನು ಕರೆಂಟು ಬರುವುದೊಂದೇ ಬಾಕಿ.

ಆ ದಿನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಒಂದು ವಿಚಿತ್ರ ನಡೆಯಿತು. ಕರೆಂಟಿಲ್ಲದೆ ಕೂಲಿ ಕಳೆದುಕೊಳ್ಳುತ್ತಿದ್ದ ನಾವು, ಕರೆಂಟು ಇನ್ನೊಂದಿಷ್ಟು ಹೊತ್ತು ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆವು. ಮಗ್ಗ ಖಟ್ ಎಂದ ಕೂಡಲೇ ಮೂರು ಮುಖ ಒಟ್ಟಿಗೇ ಬಾಡುತ್ತಿದ್ದವು.

"ಕರೆಂಟ ಬಂದ್ರ ಯಾಕ ಸತ್ತ ಮನಿಯಾಗ ಕುಂತಂಗ ಕುಂದರ್ತೀರಿ?" ಎಂದು ನಮ್ಮ ಮನೆಯವರು ಕೇಳಿದರು. ಹೇಳಿದರೂ ತಿಳಿಯುವಂಥದ್ದಲ್ಲ.

ಎಲ್ಲಕ್ಕಿಂತ ಕಷ್ಟ ಮೂಲೆ ಮನೆಯ ಅಕ್ಕನದು. ಅವಳು ಕಿಟ್ಲಿಯಲ್ಲಿ ಚಹಾ ಹಿಡಿದು ಓಣಿ ದಾಟಿ ಕಾಕುವಿನ ಕಟ್ಟೆಗೆ ಹೋಗಬೇಕು. ಕಾಕು ಕರಿ ಚಶ್ಮಾದಲ್ಲಿ ಎಂಎಲ್ಎಯ ತಾಯಿಯ ಹಾಗೆ ಕೂತು, ಒಂದು ಗುಟುಕು ಕುಡಿದು ಹೇಳುವಳು, "ಸಕ್ರಿ ಒಂಚೂರು ಕಡಿಮಿ ಆತು ನೋಡವ್ವಾ."

ಹೀಗಾಗಿ ಜೋಡಿ ಕೂರಿಸುವುದನ್ನು ಬಂದ್ ಮಾಡಬೇಕೆಂಬ ಮಾತೆದ್ದಿತು.

ಸುದ್ದಿ ತಿಳಿದ ದಿನ ಸೊಸೆ ಕರೆಂಟು ಹೋದ ಕೂಡಲೇ, ಉಳಿದವರಿಗಿಂತ ಮೊದಲೇ ಬಂದಳು. ನಾನು ಫರಸಿ ಒರೆಸುತ್ತಿದ್ದೆ. ಕವಡಿಗಳನ್ನು ಅಂಗೈಯಲ್ಲಿ ತಿರುವುತ್ತ ಕೇಳಿದಳು.

"ಖರೇನ ಬಂದ್ ಮಾಡ್ತೀರೇನ್ರಿ ಅಕ್ಕಾರ?"

"ಮಾತ ನಡದೈತಿ. ಯಾಕಬೇ, ಜೋಡಿ ಇಲ್ಲದ ಆಡಾಕ ಬರೂದಿಲ್ಲೇನ ನಿನಗ?"

"ಬರ್ತೈತ್ರಿ. ಸೋಲ್ತೇನಿ, ಅಷ್ಟ. ನಾಕ್ ಸಲ ಸೋತ್ರ ಅತ್ತಿ ಕಳಸೂದಿಲ್ರಿ. ಗೆಲ್ಲಾಕತ್ತೇನಂತ ಒಂದ ತಾಸರೆ ಹೊರಗ ಇರ್ತೇನಿ."

ಅಷ್ಟು ಹೇಳಿ, ನಾನು ಒರೆಸಿದ ಕಲ್ಲಿನ ಮೇಲೆ ನಾಲ್ಕು ಕಾಯಿ ಇಟ್ಟು, ಹೊಸಲಿನ ಕಡೆ ನೋಡುತ್ತ ಕೂತಳು.

ನ್ಯಾಯಕ್ಕೆ ಕೂತದ್ದು ಮರುದಿನ. ಕಾಕು ಕುರ್ಚಿ ತರಿಸಿಕೊಂಡಿದ್ದಳು, ಬಗ್ಗಬಾರದೆಂದು. ಮೂಲೆ ಮನೆಯ ಅಕ್ಕ ಶುರು ಮಾಡಿದಳು.

"ಇದು ಆಟ ಅಲ್ರಿ. ದಾರಿಗೆ ಅಡ್ಡ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಡ್ರೈವರ್ ಉಣ್ಣಾಕ ಹ್ವಾದಂಗ."

"ಟ್ರ್ಯಾಕ್ಟರ್ ನಿಲ್ಲಸಾಕೂ ಕಸುವು ಬೇಕವ್ವಾ," ಎಂದಳು ಕಾಕು. "ನಿಮ್ಮ ಕೈಲೆ ಆಗೂದಿಲ್ಲಂತ ಆಟಾನ ಬದಲ ಮಾಡೂದೇನು?"

"ನಿನ್ನ ಕೈಲೆರೆ ಎಲ್ಲಿ ಆಗೇತಿ ಕಾಕೂ? ಆಡಾಕಿ ಸೊಸಿ, ಚಹಾ ಕುಡಿಯಾಕಿ ನೀನು."

"ಸೊಸಿ ಯಾರ ಮನೀಕಿ?"

ವೈನಿ ಬಿಸಿಲು ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು. "ಜೋಡೀದೇನ್ ತಪ್ಪೈತ್ರಿ? ಬಿಡೂದೊಂದು ಬಂದ್ ಮಾಡ್ರಿ. ಬಿದ್ದಷ್ಟು ನಡಸಾಕ ಬೇಕು ಅಂದ್ರ ಜೋಡಿ ತಾನ ಎದ್ದು ನಡೀತೈತಿ."

ಮದ್ದು ಅದೇ ಎಂದು ಎಲ್ಲರಿಗೂ ಹೊಳೆದಿತ್ತು.

"ಮತ್ತ ಹಾಲು?" ಅಂದಳು ಮೂಲೆ ಮನೆಯ ಅಕ್ಕ. "ಉಕ್ಕಿದ್ರ ನೀವು ಬಂದು ಒಲಿ ಒರಸ್ತೀರೇನು ವೈನಿ?"

"ಖರೆ ಐತಿ," ಎಂದಳು ಕಾಕು. ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದಿರಬೇಕು. ಗ್ಯಾಸ್ ಸಣ್ಣಗೆ ಮಾಡಿ ಬರಬಹುದೆಂದು, ಆಟ ಮುಗಿದ ಮೇಲೆ ಕಾಸಬಹುದೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹಾಲಿನ ಕಟ್ಟಳೆ ಎಲ್ಲರದೂ. ಜೋಡಿ ಒಬ್ಬಳದೇ. ಬಂದ್ ಮಾಡಲು ಅದೇ ಸಸಾರ.

ಆ ಒಬ್ಬಳನ್ನು ಯಾರೂ ಕೇಳಲಿಲ್ಲ. ಆಡುವುದು ಅವಳೇ ಆದರೂ ಜಾಗ ಅತ್ತೆಯದು. ಅವಳು ಕಂಬಕ್ಕೆ ಒರಗಿ ನಮ್ಮೆಲ್ಲರ ಬಾಯಿ ನೋಡುತ್ತಿದ್ದಳು.

ಕಾಕು ಬಂದ್ ಬೇಡವೆಂದಳು, ಮೂಲೆ ಮನೆಯವಳು ಬೇಕೆಂದಳು, ವೈನಿ ತನ್ನ ಮಾತು ಯಾರೂ ಹಿಡಿಯಲಿಲ್ಲವೆಂದು ಯಾವುದೂ ಆದೀತು ಎಂದಳು. ಕಲ್ಲು ನಮ್ಮದೆಂದು ತೀರ್ಪು ನನ್ನ ಮೇಲೆ ಬಂತು. ಹುಡುಗಿಯ ಒಂದು ತಾಸು ನನಗೆ ಗೊತ್ತಿತ್ತು. ಆಟ ಹೀಗೇ ನಡೆದರೆ ಇನ್ನೊಂದು ತಿಂಗಳಿಗೆ ಪಡಸಾಲೆಗೆ ಯಾರೂ ಬರಲಿಕ್ಕಿಲ್ಲ ಎಂಬುದೂ ಗೊತ್ತಿತ್ತು. ಯಾರೂ ಬಾರದಿದ್ದರೆ ಅವಳೂ ಎಲ್ಲಿಗೆ ಬರುತ್ತಾಳೆ? ಎರಡೂ ಕಡೆ ತೂಗಿ ನೋಡುವ ಸ್ವಭಾವ ನನ್ನದು. ಅದರಿಂದ ಈವರೆಗೆ ಯಾರಿಗೂ ಉಪಯೋಗವಾದದ್ದಿಲ್ಲ. "ಅಮಾಸಿ ಮಟ ಜೋಡಿ ಕೂಡ್ರಿಸೂದು ಬ್ಯಾಡ. ಆಮ್ಯಾಲೆ ನೋಡೂಣು," ಅಂದೆ.

ಜೋಡಿ ಬಂದ್ ಆದ ಮೇಲೆ ಆಟ ಚುರುಕಾಗುತ್ತದೆ ಎಂದುಕೊಂಡಿದ್ದೆವು. ಆಗಿದ್ದೇನೆಂದರೆ ಮೂಲೆ ಮನೆಯ ಅಕ್ಕ ಗೆಲ್ಲತೊಡಗಿದಳು. ಒಂದು ದಿನ ಗೆದ್ದಳು, ಮರುದಿನವೂ ಗೆದ್ದಳು. ಸೊಸೆ ತಾನು ಹೇಳಿದಂತೆಯೇ ಸೋತಳು. ಕೆಲವೇ ಆಟಗಳಾದ ಮೇಲೆ ಒಂದು ದಿನ ಕಾಕು ಒಬ್ಬಳೇ ಬಂದಳು.

"ಕಣ್ಣ ಈಗ ಛಲೋ ಕಾಣಸ್ತಾವ. ನಾನ ಕುಂದರ್ತೇನಿ."

ಕಣ್ಣು ಛಲೋ ಕಾಣಿಸುತ್ತಿರಲಿಲ್ಲ. ವೈನಿಯ ಕಾಯಿಯನ್ನು ತನ್ನದೆಂದು ಎರಡು ಸಲ ನಡೆಸಿದಳು, ಒಮ್ಮೆ ತನ್ನ ಕಾಯಿಯನ್ನು ತಾನೇ ಹೊಡೆದು ಸಂತೋಷಪಟ್ಟಳು. ಓಣಿಯ ಆಚೆ ಅವರ ಮನೆಯಿಂದ ಮೊರದಲ್ಲಿ ಜೋಳ ಕೇರುವ ಸದ್ದು ಕೇಳುತ್ತಿತ್ತು. ಮಗ್ಗ ನಿಂತಾಗ ಎಲ್ಲವೂ ಕೇಳುತ್ತದೆ ಎಂದೆನಲ್ಲ. ನಾವು ಮೂವರೂ ಕೇಳಿಸಿಕೊಂಡೆವು. ಕವಡಿ ಸ್ವಲ್ಪ ಜೋರಾಗಿಯೇ ಎಸೆದೆವು.

ಗೆಲುವು ಮೂಲೆ ಮನೆಯ ಅಕ್ಕನಿಗೆ ಹಿತವಾಗಲಿಲ್ಲ. ಅವಳ ಮನೆಗೆ ಈಗ ದಿನಾ ಚಹಾ ಹೋಗುತ್ತಿತ್ತು, ಆದರೆ ಅದರಲ್ಲಿ ರುಚಿ ಇರಲಿಲ್ಲವಂತೆ. ಚಹಾ ಮಾಡಿದವಳು ನಾನು. ಆ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಕುರುಡಿ ಕೂಡ ಆಡಿದಂಗ ಆಗೇತಿ," ಎಂದಳು ನನ್ನೆದುರು. "ಈ ಕಾಕುನ್ನ ಸೋಲಿಸಿ ಏನ್ ದೊಡ್ಡಸ್ತಿಕಿ?"

ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ. ಮತ್ತೆ ಕೂತಾಗ ಜೋಡಿ ಬೇಕೆಂದು ಮೊದಲು ಬಾಯಿ ತೆರೆದವಳು, ಬಂದ್ ಮಾಡಿಸಿದ ಆ ಅಕ್ಕನೇ. ಹಳೇ ಕಾಲದಿಂದ ಬಂದದ್ದನ್ನು ನಾವು ಯಾರು ತೆಗೆಯಲಿಕ್ಕೆ ಎಂದಳು. ಅವಳು ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಜೋಡಿ ಕೂರಿಸುವುದನ್ನು ಕಲಿತಿದ್ದಾಳೆಂದು ವೈನಿ ಆಮೇಲೆ ಅಂಗಡಿಯಲ್ಲಿ ಹೇಳಿದಳು. ಕಾಕುವೂ ಕೂಡಲೇ ಹೂಂ ಅಂದಳು. ತನ್ನ ಮನೆಯ ವಿದ್ಯೆ ತನಗೆ ಬಾರದಿರುತ್ತದೆಯೇ? ನಾಲ್ವರೂ ಒಪ್ಪಿದೆವು. ಸೊಸೆಯ ಹೆಸರನ್ನು ಈ ಸಲವೂ ಯಾರೂ ಎತ್ತಲಿಲ್ಲ. ಜೋಡಿ ತಿರುಗಿ ಬಂತು, ಜಾಗದಲ್ಲಿ ಮಾತ್ರ ಕಾಕುವೇ ಇದ್ದಳು.

ಮುಂದೆ ಕರೆಂಟು ಹೋದ ದಿನ ಇಬ್ಬರೂ ಜೋಡಿ ಕೂರಿಸಿದರು. ಮೊದಲು ಮೂಲೆ ಮನೆಯವಳು. ಎರಡು ಸರದಿ ಹಲ್ಲು ಕಚ್ಚಿ "ಬಿಟ್ಟೆ" ಅಂದಳು. ಮೂರನೆಯದಕ್ಕೆ ಬಾರಾ ಬಿತ್ತು, ಎಂಟು ಮನೆ. ಅಷ್ಟನ್ನು ಬಿಟ್ಟುಕೊಡುವುದು ನಮ್ಮ ಓಣಿಯ ಹೆಂಗಸರಿಗೆ ಅನ್ನ ಚೆಲ್ಲಿದಷ್ಟು ಸಂಕಟ. ಅವಳ ಕೈ ತಾನಾಗಿ ಹೋಗಿ ಜೋಡಿಯ ಒಂದು ಕಾಯಿಯನ್ನು ಎತ್ತಿ ನಡೆಸಿತು. ಕಾಕು ನಕ್ಕಳು, ತನ್ನ ಜೋಡಿ ಕೂರಿಸಿದಳು, ಮರು ಸರದಿಯಲ್ಲೇ ಚೌಕಾ ಬಿದ್ದದ್ದಕ್ಕೆ ತಾನೂ ಒಂದನ್ನು ಎತ್ತಿದಳು. ಎತ್ತಿದ ಮೇಲೆ ಅಯ್ಯ ಅಂದಳು.

ಆಗ ನಮಗೆ ತಿಳಿಯಿತು. ನಾವು ಇಷ್ಟು ದಿನ ಜೋಡಿಗೆ ಹೆದರಿದ್ದೆವು. ಜೋಡಿ ಯಾರು ಬೇಕಾದರೂ ಮಾಡಬಹುದಾಗಿತ್ತು. ಕೈಗೆ ಬಂದದ್ದನ್ನು ಬಿಟ್ಟು, ಮುಖ ಬಾಡಿಸಿಕೊಳ್ಳದೆ ಕಾಯುವುದು ಒಬ್ಬಳಿಗೇ ಬರುತ್ತಿತ್ತು. ಅದನ್ನು ಎಲ್ಲಿ ಕಲಿತಳೆಂದು ಯಾರೂ ಕೇಳಲಿಲ್ಲ. ಕಾಕುವಿನ ಮುಂದೆ ಕೇಳುವಂತೆಯೂ ಇರಲಿಲ್ಲ.

ಕಾಕುವಿನ ಎರಡು ಕಾಯಿ ಹಣ್ಣಾಗಿದ್ದವು, ಈಗ ಮೂಲೆ ಮನೆಯವಳದೂ ಒಂದು ಹಣ್ಣಾಯಿತು. ಕಾಕು ಚಶ್ಮಾ ತೆಗೆದು ಕಲ್ಲಿನ ಮೇಲೆ ಬಗ್ಗಿ ನೋಡಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು.

"ಏ ಇಕಿನ, ಬಾ ಇಲ್ಲೆ."

ಓಣಿಯಾಚೆಯಿಂದ ಉತ್ತರ ಬಂತು. "ಹಿಟ್ಟ ನಾದಾಕತ್ತೇನ್ರಿ ಅತ್ತಿ."

"ಹಿಟ್ಟ ಇರ್ಲಿ. ನೀ ಬಾ."

ಮೂಲೆ ಮನೆಯ ಅಕ್ಕ ತಕರಾರು ಮಾಡಲಿಲ್ಲ. ಸೀರೆ ಎಳೆದುಕೊಂಡು ಸರಿದು ಜಾಗ ಮಾಡಿದಳು. ಸೊಸೆ ಕೈಗೆ ಹತ್ತಿದ ಹಿಟ್ಟಿನೊಂದಿಗೇ ಬಂದು, ಅತ್ತೆ ಎದ್ದ ಜಾಗದಲ್ಲಿ ಕೂತಳು. ಕಾಕು ಹಿಟ್ಟು ನೋಡಿಕೊಳ್ಳಲು ಹೋಗಲಿಲ್ಲ, ಕುರ್ಚಿ ಎಳೆದು ಸೊಸೆಯ ಬೆನ್ನ ಹಿಂದೆ ಕೂತಳು. ಹುಡುಗಿ ಕಲ್ಲನ್ನು ಒಮ್ಮೆ ನೋಡಿ, ಕವಡಿ ಎಸೆದು, ಒಂದು ಕಾಯಿ ಸರಿಸಿ ಜೋಡಿ ಮಾಡಿದಳು. ಮೂಲೆ ಮನೆಯವಳ ಮೂರು ಕಾಯಿಗಳೂ ಅದರ ಹಿಂದೆ ಉಳಿದವು. ಮುಂದಿನ ಸರದಿಗೆ ಕವಡಿ ಎಸೆದಳು. ಎಂಟು ಬಿತ್ತು.

"ನಡಸವ್ವಾ, ನಡಸು," ಎಂದಳು ಮೂಲೆ ಮನೆಯ ಅಕ್ಕ, ಸಕ್ಕರೆಯಂಥ ದನಿಯಲ್ಲಿ. "ಎಂಟು ಬಿದ್ದಾವು. ಮನಿಯಾಗ ಹಿಟ್ಟು ಬ್ಯಾರೆ ಒಣಗಾಕತ್ತೈತಿ."

"ಏನೂ ನಡಸಬ್ಯಾಡ," ಎಂದಳು ಕಾಕು ಹಿಂದಿನಿಂದ. "ಸುಮ್ಮ ಕುಂದ್ರು ನೀ."

ವೈನಿ ಬಾಗಿಲ ಬಿಸಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಸೊಸೆ "ಬಿಟ್ಟೆ" ಎಂದು ನಾಲ್ಕೂ ಕವಡಿಗಳನ್ನು ಬಾಚಿ ನನ್ನ ಕಡೆ ಸರಿಸಿದಳು. ಒಂದೊಂದಕ್ಕೂ ಅಷ್ಟಷ್ಟು ಹಿಟ್ಟು ಹತ್ತಿತ್ತು.