ಸಾಣಾಪುರದ ಜೀಪು, ಜಪಾನಿನ ಹಗ್ಗ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಗಂಗಾವತಿಯ ಜೀಪ್ ಸ್ಟ್ಯಾಂಡಿನಲ್ಲಿ ನಮ್ಮೂರು ಸಾಣಾಪುರಕ್ಕೆ ಹೊರಡಲು ನಿಂತಿದ್ದ ಜೀಪಿನ ಮುಂದಿನ ಗಾಲಿಯ ಒಳಬದಿ ಒದ್ದೆಯಾಗಿದ್ದುದು ನನಗೆ ಕಂಡಿತು.

ಎಂಬತ್ತರ ದಶಕದ ನಡುವಿನ ಮಾತು. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತ, ಅಮೆರಿಕ ಮತ್ತು ಜಪಾನಿನ ಕಾರು ಉದ್ಯಮಗಳನ್ನು ಹೋಲಿಸಿ ಪ್ರಬಂಧ ಬರೆಯುತ್ತಿದ್ದೆ. ನಮ್ಮ ಮನೆಯಲ್ಲಿದ್ದುದು ಒಂದು ಸೈಕಲ್ಲು. ದಿನವೂ ಆ ಜೀಪಿನಲ್ಲಿ ಮಂದಿಯ ಮೊಣಕೈ, ಮೆಂತ್ಯದ ಕಟ್ಟು, ಬೀಡಿ ಹೊಗೆಯ ನಡುವೆ ಕುಳಿತು ಓದುತ್ತಿದ್ದ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಅವತ್ತು ಓದುತ್ತಿದ್ದ ಅಧ್ಯಾಯದಲ್ಲಿ ಹೀಗಿತ್ತು: ಅಮೆರಿಕದ ಕಾರ್ಖಾನೆಯಲ್ಲಿ ದೋಷ ಕಂಡರೂ ಕಾರು ಜೋಡಿಸುವ ಸಾಲು ನಿಲ್ಲದು, ರಿಪೇರಿ ಕೊನೆಗೆ. ಜಪಾನಿನಲ್ಲಾದರೆ ಯಾವ ಕೂಲಿಯಾದರೂ ತಲೆಯ ಮೇಲಿನ ಹಗ್ಗ ಜಗ್ಗಿ ಇಡೀ ಸಾಲನ್ನೇ ನಿಲ್ಲಿಸಬಹುದು.

"ಕಾಕಾ, ಗಾಲಿ ಬುಡಕ ಬ್ರೇಕ್ ಎಣ್ಣಿ ಸೋರಾಕತ್ತೈತ್ರಿ," ಎಂದು ಡ್ರೈವರಿಗೆ ಹೇಳಿದೆ.

"ಅದೂ ನಿಮ್ಮ ಜಪಾನ್ ಪುಸ್ತಕದಾಗ ಬರದಾರೇನ್ರಿ, ಮಾಸ್ತರ?"

ಕಾಯಿಪಲ್ಲೆ ಮಾರಿ ಮನೆಗೆ ಹೊರಟಿದ್ದ ಅಜ್ಜಿ ಒಳಗಿನಿಂದಲೇ ಕೂಗಿದಳು: "ಮಾಸ್ತರಗ ಜಪಾನ್ ಗಾಡಿ ಬರೂತನ ಇಲ್ಲೇ ಕುಂದ್ರಾಕ ಹೇಳೋ. ನಮ್ಮ ಮನ್ಯಾಗ ಎಮ್ಮಿ ಒದರ್ತೈತಿ!"

ಎಲ್ಲರೂ ನಕ್ಕರು. ನಾನೂ ನಕ್ಕು ಹತ್ತಿ ಕುಳಿತೆ.

ಆನೆಗೊಂದಿ ದಾಟಿದ ಮೇಲಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎಡಕ್ಕೆ ತುಂಬಿ ಹರಿಯುವ ಕಾಲುವೆ, ಬಲಕ್ಕೆ ಬಂಡೆಸಾಲು. ಕಾಕಾ ಸ್ಟೇರಿಂಗನ್ನು ಬಲಕ್ಕೆ ಎಳೆದು, ತಾವು ಕುಳಿತ ಬದಿಯನ್ನೇ ಬಂಡೆಗೆ ಉಜ್ಜಿಸಿ ಜೀಪು ನಿಲ್ಲಿಸಿದರು. ನಮಗೆಲ್ಲ ತರಚು ಗಾಯ, ಅವರ ಮೊಣಕಾಲು ನುಚ್ಚುನೂರು. ಇಂದಿಗೂ ಇಳಿಜಾರು ಬಂದರೆ, ಎಲ್ಲೇ ಕುಳಿತಿರಲಿ, ನನ್ನ ಬಲಗಾಲು ನೆಲವನ್ನು ಒತ್ತುತ್ತದೆ.

ಆಮೇಲೆ ಪ್ರಬಂಧ ಒಂದು ಸಾಲೂ ಮುಂದೆ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಜೀಪು ಜಾರುತ್ತಿತ್ತು. ಹಗ್ಗದ ಬಗ್ಗೆ ಅಷ್ಟು ಓದಿದವನು, ಕೈಗೆ ಸಿಕ್ಕಿದ್ದನ್ನು ಜಗ್ಗದೆ ನಕ್ಕುಬಿಟ್ಟಿದ್ದೆ. ನಮ್ಮೂರಲ್ಲೇ ಇದ್ದ ಕಾಕಾನ ಮನೆಯ ಮುಂದೆ ಹಾಯುವುದನ್ನೂ ಬಿಟ್ಟೆ. ಎರಡು ತಿಂಗಳಾದ ಮೇಲೆ, ಒಂದು ಭಾನುವಾರ, ಹೇಗೋ ಒಳಗೆ ಹೋದೆ. ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದರು.

"ಕಾಕಾ, ಅವತ್ತ ನಾ ಗಟ್ಟ್ಯಾಗಿ ಹೇಳಬೇಕಿತ್ರಿ. ಹತ್ತಬಾರದಿತ್ತು."

ಅವರು ಕಾಲನ್ನು ಕೈಯಿಂದ ಎತ್ತಿ ಸರಿಸಿ, ಹೊರಸಿನ ತುದಿಯಲ್ಲಿ ನನಗೆ ಜಾಗ ಮಾಡಿದರು.

"ನೀವು ಹೇಳೂಕಿಂತ ಮೊದಲ ನನಗ ಗೊತ್ತಿತ್ರಿ. ಮುಂಜಾನಿಂದ ಬ್ರೇಕ್ ಪೆಡಲ್ ಕೆಳಗ ಇಳ್ಯಾಕತ್ತಿತ್ತು. ಮಂದಿ ತುಂಬಿ ಕುಂತಿತ್ತು, ಇಳೀರಿ ಅನ್ನಾಕ ನಾಚಿಕಿ ಆತು. ಅದಕ್ಕ ನಿಮ್ಮನ್ನ ಚ್ಯಾಷ್ಟಿ ಮಾಡಿ ಬಾಯಿ ಮುಚ್ಚಿಸಿದ್ನಿ." ಮತ್ತೆ ಅವರೇ ಕೇಳಿದರು: "ನಿದ್ದಿ ಬರ್ತೈತೇನ್ರಿ ನಿಮಗ?"

"ಇಲ್ರಿ."

"ನನಗೂ ಇಲ್ಲ. ಕಾಲುವಿ ಕಾಣ್ತೈತಿ."

ಅದನ್ನು ಆವರೆಗೆ ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಕಾಕಿ ಮಂಡಕ್ಕಿ ತಂದಿಟ್ಟಳು. ಹೊತ್ತು ಇಳಿಯುವವರೆಗೆ ಆ ಇಳಿಜಾರನ್ನೇ ಮತ್ತೆ ಮತ್ತೆ ಮಾತಾಡಿದೆವು, ಒಮ್ಮೆ ಅವರ ಸೀಟಿನಿಂದ, ಒಮ್ಮೆ ನನ್ನ ಸೀಟಿನಿಂದ.

ಅಂದು ಮನೆಗೆ ಬಂದು ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲಿತ್ತು. ಅವ್ವ ನನ್ನ ಚಹಾವನ್ನು ಎರಡು ಸಲ ಕಾಸಿ ಇಳಿಸಿದ್ದಳು.